ಯಾರದೋ ಬಣ್ಣ, ಯಾರದೋ ಬಟ್ಟೆಗೆ

ಬಟ್ಟೆಗೆ ಬಣ್ಣ ಹಾಕುವ ಆ ಗಿರಣಿಯಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ಒಬ್ಬಳ ತಲೆಯ ಮೇಲೇ ಬಿದ್ದಿತ್ತು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವಳು ಅಕ್ಕ. ಯಂತ್ರಗಳಿಗೆಂದೇ ಹಿಂದೆ ಯಾರೋ ಪುಟ್ಟದೊಂದು ಭಾಷೆ ಕಟ್ಟಿ ಹೋಗಿದ್ದರು. ಆ ಭಾಷೆಯ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ ಯಂತ್ರವನ್ನು ನಡೆಸುವ ಇಂಟರ್‌ಪ್ರಿಟರ್ ಈಗ ಅವಳ ಪಾಲಿಗೆ ಬಂದಿತ್ತು.

ಅಲ್ಲಿ ಬಣ್ಣದ ಮೇಸ್ತ್ರಿಯಾಗಿದ್ದವರು ಅವಳ ಚಿಕ್ಕಪ್ಪ. ಅಪ್ಪನಿಲ್ಲದ ಅವಳನ್ನು ಸಾಕಿ ಓದಿಸಿದವರು. ಒಮ್ಮೆ ನೀಲಿಯಾಗಬೇಕಿದ್ದ ಬಟ್ಟೆ ರಾಶಿಗಟ್ಟಲೆ ಕೆಸರಿನಂಥ ಕಂದಾಗಿ ಹೊರಬಿತ್ತು. ಮತ್ತೊಮ್ಮೆಯೂ ಹಾಗೇ ಆದಾಗ ಯಜಮಾನರು, ಮೇಸ್ತ್ರಿಗೆ ಕಣ್ಣು ಮಂಜಾಗಿದೆ ಎಂದು ಮನೆಗೆ ಕಳಿಸಿಬಿಟ್ಟರು.

"ತಪ್ಪು ನಂದೇ ಇರ್ಬೇಕು ಬಿಡಮ್ಮ. ಯಂತ್ರಕ್ಕೇನು ನನ್ಮೇಲೆ ಹಗೆನಾ?" ಎಂದರು ಚಿಕ್ಕಪ್ಪ.

ಅಕ್ಕ ಬಿಡಲಿಲ್ಲ. ಒಂದೊಂದೇ ಯಂತ್ರ ಓಡಿಸಿದರೆ ಎಲ್ಲ ಸರಿ. ಒಟ್ಟಿಗೆ ಓಡಿಸಿದರೆ ಯಾವಾಗಲೋ ಒಮ್ಮೆ ಎಡವಟ್ಟು. ಕೆದಕುತ್ತ ಹೋದಾಗ ತಿಳಿಯಿತು: ಇಂಟರ್‌ಪ್ರಿಟರ್ ಯಾವ ಬಣ್ಣ ಎಷ್ಟು ಎಂಬ ಎಲ್ಲ ಪ್ರೋಗ್ರಾಮುಗಳ ಅಳತೆಯನ್ನೂ ಒಂದೇ ಜಾಗದಲ್ಲಿ ಇಡುತ್ತಿತ್ತು. ಒಂದು ಬರೆದಿಟ್ಟು ತಿರುಗುವಷ್ಟರಲ್ಲಿ ಇನ್ನೊಂದು ಅದನ್ನು ಅಳಿಸಿ ತನ್ನದನ್ನು ಬರೆಯುತ್ತಿತ್ತು. ಹಾಗೆ ಒಂದರ ಬಣ್ಣ ಇನ್ನೊಂದರ ಬಟ್ಟೆಗೆ ಬೀಳುತ್ತಿತ್ತು.

ಪ್ರತಿಯೊಂದಕ್ಕೂ ಬೇರೆ ಜಾಗ ಮಾಡಲು ಕುಳಿತಳು. ಇಲ್ಲಿ ಮುಚ್ಚಿದರೆ ಅಲ್ಲಿ ಸೋರಿತು. ತಿಂಗಳುಗಳೇ ಕಳೆದವು. ಕೊನೆಗೊಂದು ಬೆಳಿಗ್ಗೆ ಎಲ್ಲ ಸರಿಹೋಯಿತೆಂದು ಯಂತ್ರಗಳನ್ನು ಒಟ್ಟಿಗೆ ಚಾಲೂ ಮಾಡಿದಳು. ಒಂದು ಯಂತ್ರವೂ ಬಣ್ಣ ಸುರಿಯಲಿಲ್ಲ.

ನೀರು ಕಾಯಿಸುವ ಪ್ರೋಗ್ರಾಮು ಬಿಸಿ ಎಷ್ಟೆಂದು ಎಲ್ಲಕ್ಕೂ ಒಂದೇ ಆಗಿದ್ದ ಆ ಹಳೆಯ ಜಾಗದಲ್ಲೇ ಬರೆಯುತ್ತಿತ್ತು. ಬಣ್ಣದ ಪ್ರೋಗ್ರಾಮು ಅಲ್ಲಿಂದಲೇ ಓದಿಕೊಳ್ಳುತ್ತಿತ್ತು. ಈಗ ಜಾಗ ಬೇರೆಯಾದ್ದರಿಂದ ಅದಕ್ಕೆ ಬಿಸಿ ಎಷ್ಟೆಂದು ತಿಳಿಯದೆ ಸುಮ್ಮನೆ ಕಾಯುತ್ತಿತ್ತು. ಇಡೀ ಗಿರಣಿ ಆ ತಪ್ಪನ್ನೇ ನೆಚ್ಚಿಕೊಂಡು ನಡೆದಿತ್ತು.

"ಅಂದ್ರೆ ಪ್ರೋಗ್ರಾಮೆಲ್ಲ ಮತ್ತೆ ಬರೀಬೇಕಾ?" ಯಜಮಾನರು ಅಡ್ಡಡ್ಡ ತಲೆಯಾಡಿಸಿದರು. "ಆಗದ ಮಾತು. ಹಳೇದನ್ನೇ ಹಾಕಮ್ಮ. ಯಾವಾಗ್ಲೋ ಒಂದ್ಸಲ ಕೆಟ್ರೆ ಕೆಡ್ಲಿ."

"ಹಾಗಾದ್ರೆ ನಮ್ಮ ಚಿಕ್ಕಪ್ಪ?"

"ಹೊಸ ಮೇಸ್ತ್ರಿ ಬಂದಾಯ್ತಲ್ಲಮ್ಮ."

ಕಿತ್ತು ಬಿಸಾಕಿದ್ದನ್ನು ಅಕ್ಕ ತನ್ನ ಕೈಯಾರೆ ಮತ್ತೆ ಕೂರಿಸಿದಳು. ಯಂತ್ರಗಳು ಏನೂ ಆಗಿಲ್ಲವೆಂಬಂತೆ ಗುರುಗುಟ್ಟತೊಡಗಿದವು.

ಸಂಜೆ ಚಿಕ್ಕಪ್ಪನ ಮುಂದೆ ಕುಳಿತು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಅವರು ಕೊನೆತನಕ ಕೇಳಿ, "ನನ್ನ ಸಮಾಧಾನಕ್ಕೆ ಹೇಳ್ತಿದೀಯ," ಎಂದರು. ಆಮೇಲೆ ಹಗ್ಗದ ಮೇಲಿನ ಟವೆಲಿನತ್ತ ಬೆರಳು ಮಾಡಿದರು.

"ಅದು ಯಾವ ಬಣ್ಣ, ನೀನೇ ಹೇಳು."

"ಹಸಿರು, ಚಿಕ್ಕಪ್ಪ."

"ನಂಗೂ ಹಾಗೇ ಕಾಣ್ತಿದೆ," ಎಂದರು. ಆದರೆ ಎದ್ದು ಹೋಗಿ ಟವೆಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ನಿಂತರು.