ಮೂವತ್ತನಾಲ್ಕು ಹಲ್ಲೋ, ಮೂವತ್ತೊಂಬತ್ತೋ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ನನ್ನ ಮೇಲೆ ನನಗೇ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಅದು ಒಂದು ಮೋಟಾರಿನ ಹಿಂದಿನ ಅಚ್ಚಿನೊಳಗಿದ್ದ ಐದು ಹಲ್ಲುಗಳ ವಿಷಯ.

ಮೂವತ್ತರ ದಶಕದ ಕೊನೆಯ ಮಾತು. ಯುದ್ಧ ಇನ್ನೂ ಶುರುವಾಗಿರಲಿಲ್ಲ, ಪೆಟ್ರೋಲಿಗೆ ರೇಷನ್ ಚೀಟಿ ಬಂದಿರಲಿಲ್ಲ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರಿಂದ ನಾನೊಂದು ಅಮೆರಿಕದ ಮೋಟಾರು ಕೊಂಡು ಹಾನಗಲ್ಲಿಗೆ ತಂದಿದ್ದೆ. ಎಂಟು ಸಿಲಿಂಡರಿನದು, ಮೇಲೆ ಮಡಚುವ ಬಟ್ಟೆಯ ಟಪ್ಪು, ಕಡುಹಸಿರು ಬಣ್ಣ. ಗಂಟೆಗೆ ಅರವತ್ತು ಮೈಲಿ ಓಡುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಅಪ್ಪನ ಅಕ್ಕಿ ವ್ಯಾಪಾರದಲ್ಲಿ ನನ್ನ ಪಾಲಿನ ಕೆಲಸವೆಂದರೆ ಆ ಮೋಟಾರಿನಲ್ಲಿ ತಿರುಗುವುದು, ಅಷ್ಟೇ.

ನನ್ನ ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಮದುವೆಯಾದ ಮೂರನೇ ವರ್ಷಕ್ಕೆ ಭಾವ ತೀರಿಕೊಂಡ. ಅಕ್ಕ ಒಂದು ಟ್ರಂಕು ಮತ್ತು ಭಾವನ ಕಿಸೆಗಡಿಯಾರ ಹಿಡಿದುಕೊಂಡು ತವರಿಗೆ ವಾಪಸು ಬಂದಳು. ಒಂದು ವರ್ಷ ಅಡಿಗೆ ಮನೆಯ ಕಿಟಕಿ ಬಿಟ್ಟು ಕದಲಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮದುವೆಗೆ ಮುಂಚೆಯೇ ಪಾಸಾಗಿತ್ತು. ಶಿಗ್ಗಾಂವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸಲು ಶಿಕ್ಷಕಿಯೊಬ್ಬರು ಬೇಕಾಗಿದ್ದಾರೆಂದು ಗೊತ್ತಾದ ದಿನ, ಅವಳು ಮೊದಲ ಸಲ ಅಪ್ಪನ ಎದುರು ನಿಂತು ಏನನ್ನೋ ಕೇಳಿದಳು.

ಅಪ್ಪ ಎರಡು ದಿನ ವಿಚಾರ ಮಾಡಿದರು. ನಾಲ್ಕು ಮಂದಿ ಏನೆಂದಾರು ಎಂಬ ಅಂಜಿಕೆ ಅವರಿಗೆ. ಮೂರನೆಯ ದಿನ ಊಟಕ್ಕೆ ಕುಳಿತಾಗ ಹೇಳಿದರು: "ಕಲಸಾಕ ಹೋಗೂದಾದ್ರ ಹೋಗಲಿ. ಆದ್ರ ಅಲ್ಲಿ ಇರಾಕ ಬ್ಯಾಡ. ಮನ್ಯಾಗ ದೀಪ ಹಚ್ಚೂದ್ರಾಗ ಹೊಸ್ತಿಲ ಒಳಗಿರಬೇಕು. ಒಂದ ದಿನ ತಪ್ಪಿತಂದ್ರ, ಸಾಲಿ ಅಲ್ಲಿಗೆ ಮುಗೀತು."

ಹಾನಗಲ್ಲಿನಿಂದ ಶಿಗ್ಗಾಂವಿಗೆ ಇಪ್ಪತ್ತು ಮೈಲಿಯ ಮೇಲಾಗುತ್ತದೆ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಕ್ಕನ ನೌಕರಿ ನನ್ನ ಮೋಟಾರಿನ ಮೇಲೆ ನಿಂತಿತು. ಬೆಳಿಗ್ಗೆ ಹನ್ನೊಂದರ ಗಂಟೆಯೊಳಗೆ ಅವಳನ್ನು ಮುಟ್ಟಿಸುವುದು, ಐದಕ್ಕೆ ಶಾಲೆ ಬಿಟ್ಟ ಮೇಲೆ ದೀಪದ ಹೊತ್ತಿನೊಳಗೆ ಮನೆಗೆ ತರುವುದು. ದಿನಾಲೂ. ಅವಳು ನನ್ನ ಪಕ್ಕದಲ್ಲಿ ಕುಳಿತು, ಕಿಸೆಗಡಿಯಾರ ಅಂಗೈಯಲ್ಲಿಟ್ಟುಕೊಂಡು, ಬಂಕಾಪುರ ಎಷ್ಟಕ್ಕೆ ದಾಟಿತು, ಹಳ್ಳ ಎಷ್ಟಕ್ಕೆ, ದಿಬ್ಬ ಎಷ್ಟಕ್ಕೆ ಎಂದು ಒಂದು ವಹಿಯಲ್ಲಿ ಬರೆಯುತ್ತಿದ್ದಳು. ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು, ಬರೆಯುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮೋಟಾರಿನ ಹಿಂದಿನಿಂದ ಗುಂಯ್‌ ಎಂಬ ಸಪ್ಪಳ ಶುರುವಾಯಿತು. ಸವಣೂರಿನಲ್ಲಿ ಒಬ್ಬ ಮುದುಕ ಮೇಸ್ತ್ರಿ ಇದ್ದ. ಮೋಟಾರಿನ ಹೊಟ್ಟೆಗೆ ಕಿವಿ ಕೊಟ್ಟು ರೋಗ ಹೇಳುವವನು. ಅಚ್ಚು ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ.

"ಹಲ್ಲು ಸವದು ಹೋಗ್ಯಾವ್ರಿ, ಸಾವಕಾರ್ರ. ಹೊಸಾ ಜೋಡಿ ಹಾಕಬೇಕು."

ಹಿಂದಿನ ಅಚ್ಚಿನ ನಡುವೆ ಒಂದು ಸಣ್ಣ ಚಕ್ರ, ಒಂದು ದೊಡ್ಡ ಚಕ್ರ ಹಲ್ಲಿಗೆ ಹಲ್ಲು ಕೊಟ್ಟು ಕುಳಿತಿರುತ್ತವೆ. ಎಂಜಿನ್ನು ಸಣ್ಣದನ್ನು ತಿರುಗಿಸುತ್ತದೆ, ಸಣ್ಣದು ದೊಡ್ಡದನ್ನು, ದೊಡ್ಡದು ಗಾಲಿಗಳನ್ನು. ಮೇಸ್ತ್ರಿಯ ಹತ್ತಿರ ಎರಡು ಜೋಡಿ ಇದ್ದವು. ಎರಡರಲ್ಲೂ ಸಣ್ಣ ಚಕ್ರಕ್ಕೆ ಒಂಬತ್ತೇ ಹಲ್ಲು. ದೊಡ್ಡ ಚಕ್ರಕ್ಕೆ ಒಂದರಲ್ಲಿ ಮೂವತ್ತನಾಲ್ಕು, ಇನ್ನೊಂದರಲ್ಲಿ ಮೂವತ್ತೊಂಬತ್ತು. ನನ್ನ ಹಳೆಯದು ಎರಡರ ನಡುವಿನದು, ಮೂವತ್ತೇಳು.

"ಮೂವತ್ನಾಲ್ಕರದು ಓಡಾಕ, ಮೂವತ್ತೊಂಬತ್ತರದು ಜಗ್ಗಾಕ. ಎರಡೂ ಗುಣ ಒಂದರಾಗ ಸಿಗಂಗಿಲ್ರಿ. ನೀವು ದಿನಾ ತಿರುಗೂ ಮಂದಿ. ನನ್ನ ಕೇಳಿದ್ರ ಜಗ್ಗೂದು ಹಾಕಸ್ರಿ," ಎಂದ ಮೇಸ್ತ್ರಿ.

ನಾನು ಕೇಳಿರಲಿಲ್ಲ.

ಮುಂದಿನ ರವಿವಾರ ಅಕ್ಕನೂ ಸವಣೂರಿಗೆ ಬಂದಳು. ಚೀಲದಿಂದ ಶಾಲೆಯ ಸೀಮೆಸುಣ್ಣದ ಖಡು ತೆಗೆದು, ಜಾಕಿನ ಮೇಲೆ ಎತ್ತಿ ನಿಲ್ಲಿಸಿದ ಗಾಲಿಯ ಮೇಲೆ ಒಂದು ಗೆರೆ ಎಳೆದಳು, ಎಂಜಿನ್ನಿನಿಂದ ಬರುವ ದಂಡದ ಮೇಲೆ ಇನ್ನೊಂದು. ಮೇಸ್ತ್ರಿಗೆ ದಂಡ ತಿರುಗಿಸಲು ಹೇಳಿ ಸುತ್ತು ಎಣಿಸಿದಳು. ಸವೆದ ಜೋಡಿಯಲ್ಲಿ ಗಾಲಿಗಳ ಒಂದು ಸುತ್ತಿಗೆ ದಂಡದ್ದು ನಾಲ್ಕು ಸುತ್ತು, ಮೇಲೊಂದು ಚೂರು. ಉಳಿದೆರಡನ್ನು ಅಲ್ಲೇ ನೆಲದ ಮೇಲೆ ಭಾಗಿಸಿ ನೋಡಿದಳು. ಮೂವತ್ತನಾಲ್ಕರಲ್ಲಿ ನಾಲ್ಕಕ್ಕೂ ಕಡಿಮೆ, ಮೂವತ್ತೊಂಬತ್ತರಲ್ಲಿ ನಾಲ್ಕೂ ಮೂರರಲ್ಲೊಂದು ಪಾಲು. ದಂಡದ ಸುತ್ತು ಹೆಚ್ಚಾದಷ್ಟು ಗಾಲಿಗೆ ಓಟ ಕಡಿಮೆ, ಬಲ ಹೆಚ್ಚು. ಮೇಸ್ತ್ರಿ ಬೆರಗಾಗಿ, "ಅಕ್ಕಾರ, ನೀವ ನನ್ನ ಕಾರಖಾನಿಗೆ ಬರ್ರಿ," ಎಂದ.

ಆಮೇಲೆ ಅವಳು ವಹಿ ತೆರೆದಳು. "ಇಲ್ಲಿ ನೋಡು. ನೀ ಐವತ್ತರ ಮ್ಯಾಲೆ ಓಡಸೂದು ಬಂಕಾಪುರದ ಹತ್ರ ಮೂರ ಮೈಲಿ. ಅಲ್ಲಿ ಅರವತ್ತು ಓಡಿಸಿದ್ರೂ ಒಂದ ನಿಮಿಷ ಸೈತ ಉಳಿಯಂಗಿಲ್ಲ. ಹೊತ್ತು ಹೋಗೂದೆಲ್ಲ ಹಳ್ಳ ಇಳಿದು ದಿಬ್ಬ ಏರೂದ್ರಾಗ. ಸುಗ್ಗಿ ಬಂತಂದ್ರ ಅಲ್ಲಿ ಭತ್ತದ ಚಕ್ಕಡಿ ಸಾಲ ಹಚ್ಚತಾವು."

"ನೀನೇನು ಮೋಟಾರು ಓಡಸಾಕಿ ಏನ?" ಎಂದು ಹಾರಾಡಿದೆ. ಮೇಸ್ತ್ರಿಯ ಎದುರಿಗೆ ಅವಳಿಂದ ಲೆಕ್ಕ ಕಲಿಯುವುದು ನನಗೆ ಸೇರಲಿಲ್ಲ.

ಅವಳು ಖಡು ಚೀಲದಲ್ಲಿ ಹಾಕಿಕೊಂಡಳು. "ನಿನಗ ಮೋಟಾರು ಎಷ್ಟು ಜೋರ ಓಡತೈತಿ ಅನ್ನೂದು ಬೇಕು. ನನಗ ಎಷ್ಟೊತ್ತಿಗೆ ಮನಿ ಮುಟ್ಟತೈತಿ ಅನ್ನೂದು ಬೇಕು. ಇರಲಿ, ಮೋಟಾರು ನಿಂದು. ಮನಸಿಗೆ ಬಂದಿದ್ದು ಹಾಕಸು."

ಮೂವತ್ತನಾಲ್ಕರದನ್ನು ಹಾಕಿಸಿದೆ.

ಸುಳ್ಳು ಹೇಳುವುದಿಲ್ಲ, ಮೊದಲ ಹತ್ತು ದಿನ ನಾನು ನೆಲದ ಮೇಲಿರಲಿಲ್ಲ. ಗುಂಯ್‌ ಸಪ್ಪಳ ಹೋಗಿ ಎಂಜಿನ್ನು ಮೆತ್ತಗೆ ಉಸಿರಾಡುತ್ತಿತ್ತು. ಬಂಕಾಪುರದ ಹತ್ತಿರ ವೇಗದ ಮುಳ್ಳು ಅರವತ್ತೈದು ದಾಟಿತು. ಅಕ್ಕನ ಸೆರಗು ಗಾಳಿಗೆ ಹಾರಿ ಬಡಿಯುತ್ತಿತ್ತು, ಅವಳು ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಗಡಿಯಾರ ಹಿಡಿದು ಕುಳಿತಿರುತ್ತಿದ್ದಳು. ನೋಡಿದೆಯಾ ಎಂದು ಕೇಳಿದರೆ, ನೋಡಿದೆ ಎನ್ನುತ್ತಿದ್ದಳು.

ಕಾರ್ತಿಕ ಬಂತು. ಹೊತ್ತು ಬೇಗ ಮುಳುಗತೊಡಗಿತು. ಆ ಶುಕ್ರವಾರ ಅಪ್ಪ ತರಲು ಹೇಳಿದ್ದ ಎರಡು ಚೀಲ ಶೇಂಗಾ ಹಿಂಡಿ ಹಿಂದಿನ ಸೀಟಿನಲ್ಲಿತ್ತು. ಹಳ್ಳ ದಾಟಿ ದಿಬ್ಬಕ್ಕೆ ಬಂದರೆ ಅಕ್ಕ ಹೇಳಿದಂತೆಯೇ ಭತ್ತದ ಚಕ್ಕಡಿಗಳ ಸಾಲು. ಎರಡೂ ಕಡೆ ಕೊರಕಲು, ಮುಂದೆ ಹೋಗಲು ಜಾಗವಿಲ್ಲ. ಎತ್ತಿನ ನಡಿಗೆಗೆ ನನ್ನ ಮೋಟಾರು ಒಗ್ಗಲಿಲ್ಲ. ಒಂದನೇ ಗೇರಿನಲ್ಲೂ ಅದಕ್ಕೆ ಅಷ್ಟು ನಿಧಾನ ಬಾರದು. ಕ್ಲಚ್ಚು ಅರ್ಧ ಒತ್ತಿ, ಬಿಟ್ಟು, ಮತ್ತೆ ಒತ್ತಿ ಏರಿಸುತ್ತ ಹೋದೆ. ಅರ್ಧ ದಿಬ್ಬಕ್ಕೆ ಕ್ಲಚ್ಚು ಸುಟ್ಟ ವಾಸನೆ ಬಂತು, ರೇಡಿಯೇಟರು ಕುದಿದು ಬುಸ್ಸೆಂದಿತು. ಎಷ್ಟು ಒತ್ತಿದರೂ ಗಾಲಿ ತಿರುಗದು.

ಅಕ್ಕ ಇಳಿದು, ಬುತ್ತಿ ಡಬ್ಬಿ ಹಿಡಿದು ಹಳ್ಳಕ್ಕೆ ಹೋದಳು. ಮೂರು ಸಲ ನೀರು ತಂದಳು. ನಾನು ಬಾನೆಟ್ಟು ಎತ್ತಿ ಯಾರನ್ನೋ ಬೈಯುತ್ತಿದ್ದೆ. ಕೊನೆಯ ಚಕ್ಕಡಿಯವನು ತನ್ನ ಗಾಡಿಯನ್ನು ಮೇಲೆ ಬಿಟ್ಟು ಬಂದು ಕೇಳಿದ: "ಎಷ್ಟು ಜೋರ ಐತ್ರಿ ಇದಕ?"

"ಎಂಬತ್ತು ಕುದುರೀದು," ಎಂದೆ.

"ಹಂಗಾರ ಆ ಕುದುರಿ ಬಿಚ್ರಿ. ನನ್ನ ಎರಡೆತ್ತು ಕಟ್ತೇನಿ."

ಎಂಬತ್ತು ಕುದುರೆಯ ಮೋಟಾರನ್ನು ಎರಡೆತ್ತು ದಿಬ್ಬದ ಮೇಲಕ್ಕೆ ಎಳೆದು ತಂದವು. ಎಂಜಿನ್ನು ತಣಿದು ಹೊರಡುವಷ್ಟರಲ್ಲಿ ಸೂರ್ಯ ಮುಳುಗಿ ಹೋಗಿತ್ತು. ಅಕ್ಕ ಗಡಿಯಾರ ನೋಡಿದಳು, ಮುಚ್ಚಳ ಹಾಕಿದಳು, ಚೀಲದ ತಳಕ್ಕೆ ಇಟ್ಟಳು. ವಹಿ ತೆಗೆಯಲಿಲ್ಲ.

ಹೊರಟ ಮೇಲೆ ಅಂದಳು: "ನಾಳಿ ಮೂರನೇ ಇಯತ್ತೆ ಹುಡುಗ್ಯಾರಿಗೆ ಭಾಗಾಕಾರ ಸುರು ಮಾಡೂದಿತ್ತು."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಬೈಯಲಿಲ್ಲ. ನನಗೆ ದಾರಿ ಸರಿಯಾಗಿ ಕಾಣಲಿಲ್ಲ.

ಹಾನಗಲ್ಲು ಮುಟ್ಟಿದಾಗ ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ದೀಪ ಉರಿಯುತ್ತಿದ್ದವು. ಕಾರ್ತಿಕವಲ್ಲವೇ, ಕಟ್ಟೆಯ ಮೇಲೂ ಹಣತೆ. ನಮ್ಮ ಮನೆ ಮಾತ್ರ ಕತ್ತಲು. ಏನೋ ಕೆಟ್ಟದ್ದು ಆಗಿದೆ ಎಂದುಕೊಂಡು ಇಬ್ಬರೂ ಓಡಿದೆವು. ಅಕ್ಕ ಹೊಸ್ತಿಲು ದಾಟಿದಳು, ನಾನು ಹಿಂದೆ.

ಪಡಸಾಲೆಯ ಕತ್ತಲಲ್ಲಿ ದೇವರ ಗೂಡಿನ ಮುಂದೆ ಅವ್ವ ಕುಳಿತಿದ್ದಳು. ದೀಪದ ಸಮೆಯಲ್ಲಿ ಎಣ್ಣೆ ತುಂಬಿತ್ತು, ಬತ್ತಿ ಹೊಸೆದು ಇಟ್ಟಿತ್ತು.

"ಯಾಕ ಅವ್ವಾ, ದೀಪ?" ಎಂದಳು ಅಕ್ಕ.

"ನನ್ನೇನ ಕೇಳ್ತೀ? ಆಗಿಂದ ಬೇಡಾಕತ್ತೇನಿ. ನಿಮ್ಮಪ್ಪ ಕಡ್ಡಿಪೆಟ್ಟಿಗಿ ಕೊಡವಲ್ರು."

ಕಂಬದ ಕಡೆಯಿಂದ ಕೆಮ್ಮಿದ ಸಪ್ಪಳವಾಯಿತು. ಅಪ್ಪ ಅಲ್ಲಿದ್ದರು. ಎಷ್ಟು ಹೊತ್ತಿನಿಂದ ಕುಳಿತಿದ್ದರೋ. ಮುಷ್ಟಿ ಮುಂದೆ ಚಾಚಿ ಬಿಚ್ಚಿದರು. "ಬಂದಿಯೇನವ್ವಾ? ಹಂಗಾರ ತಗೋ. ಈಗ ಹಚ್ಚು."

ಅಕ್ಕ ತೆಗೆದುಕೊಂಡಳು. ಪೆಟ್ಟಿಗೆ ಅಪ್ಪನ ಬೆವರಿಗೆ ಮೆತ್ತಗಾಗಿತ್ತು. ಮೂರನೆಯ ಕಡ್ಡಿಗೆ ಹೊತ್ತಿತು.

ಮರುದಿನ ಅವಳು ಭಾಗಾಕಾರ ಕಲಿಸುತ್ತಿದ್ದಾಗ ನಾನು ಸವಣೂರಿನಲ್ಲಿದ್ದೆ. ಮೇಸ್ತ್ರಿ ನನ್ನನ್ನು ಕಂಡ ಕೂಡಲೇ ಮೂವತ್ತೊಂಬತ್ತರದನ್ನು ಒರೆಸಿ ಮುಂದಿಟ್ಟ. ಅದನ್ನು ಹಾಕಿಸಿದ ಮೇಲೆ ಮೋಟಾರು ಐವತ್ತೈದು ದಾಟಿದರೆ ಅರಚುತ್ತಿತ್ತು, ಹಾಗಾಗಿ ದಾಟಿಸಲಿಲ್ಲ. ದಿಬ್ಬವನ್ನು ಮಾತ್ರ ಚಕ್ಕಡಿಗಳ ಹಿಂದೆ ಗೊಣಗದೆ ಏರುತ್ತಿತ್ತು. ಆಮೇಲೆ ಒಂದು ದಿನವೂ ತಡವಾಗಲಿಲ್ಲ, ಹಗಲಿದ್ದಾಗಲೇ ಓಣಿಗೆ ತಿರುಗುತ್ತಿದ್ದೆವು. ಆದರೂ ಕಡ್ಡಿಪೆಟ್ಟಿಗೆ ಅಂದಿನಿಂದ ಅಡಿಗೆ ಮನೆಗೆ ಹೋಗಲಿಲ್ಲ. ಅದು ಅಪ್ಪನ ಅಂಗಿಯ ಕಿಸೆಯಲ್ಲೇ ಇರುತ್ತಿತ್ತು.