ಜಾಲಿ ಅಂಟು ಉಳಿಸಿದ ಮಾನ

ಅದು 1946ರ ಬೇಸಿಗೆ. ಹೊಸಕೋಟೆಯಲ್ಲಿ ನಾನು ಮನೆಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿ. ಸ್ವಂತವಾಗಿ ಕೆಲಸ ಹಿಡಿದು ಎರಡೇ ವರ್ಷವಾಗಿದ್ದರೂ ನನಗೆ ತಿಳಿಯದ್ದು ಏನೂ ಇಲ್ಲವೆಂಬ ಧಿಮಾಕಿತ್ತು. ಜಡಿಗೇನಹಳ್ಳಿಯ ಸಿದ್ದಲಿಂಗಪ್ಪನವರು ಹೇಳಿಕಳಿಸಿದರು. ಅವರ ಮಗಳನ್ನು ನೋಡಲು ಬೆಂಗಳೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಐದು ದಿನದೊಳಗೆ ಪಡಸಾಲೆಗೆ ತಿಳಿನೀಲಿ ಬಣ್ಣ ಆಗಬೇಕಿತ್ತು.

ಆಗೆಲ್ಲ ಸುಣ್ಣಕ್ಕೆ ಬಣ್ಣದ ಪುಡಿ ಕಲಸಿ, ಅದು ಗೋಡೆಗೆ ಕಚ್ಚಿಕೊಳ್ಳಲೆಂದು ‘ವಜ್ರ’ ಎಂಬ ಅಂಟನ್ನು ಕಾಯಿಸಿ ಸೇರಿಸುತ್ತಿದ್ದೆವು. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಆಗುವಂಥದ್ದು. ಅಂಗಳದಲ್ಲಿ ಡಬ್ಬ ಒಲೆಗಿಟ್ಟಿದ್ದೇ ತಡ, ವಾಸನೆ ಹಿಡಿದು ಸಿದ್ದಲಿಂಗಪ್ಪನವರ ತಾಯಿ ಗೌರಮ್ಮ ಹೊರಬಂದರು. ಮಾಂಸ ಮುಟ್ಟದ ಮನೆ.

“ಚರ್ಮ ಕಾಯ್ಸಿದ್ದು ನಮ್ ಹೊಸ್ತಿಲು ದಾಟ್ಬಾರ್ದು ಕಣಪ್ಪ.”

“ಆಗ್ಲಿ ಅಮ್ಮಾರೆ” ಎಂದೆ. ವಜ್ರ ಹಾಕದಿದ್ದರೆ ಏನಾಗುತ್ತದೆಂದು ಮಾತ್ರ ಹೇಳಲಿಲ್ಲ. ದೊಡ್ಡವರಿಗೆ ಎದುರಾಡುವುದೇಕೆಂದು ಬರೀ ಸುಣ್ಣದಲ್ಲೇ ಬಣ್ಣ ಹೊಡೆದು ಮುಗಿಸಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಸಿದ್ದಲಿಂಗಪ್ಪನವರು ಹೊಸ ಕರಿಕೋಟು ತೊಟ್ಟು ನೋಡಿ, ಖುಷಿಯಲ್ಲಿ ಗೋಡೆಗೊರಗಿ ಕುಳಿತರು. ಎದ್ದಾಗ ಬೆನ್ನೆಲ್ಲ ನೀಲಿ. ಮನೆಯಲ್ಲಿ ಕುರ್ಚಿಗಳಿರಲಿಲ್ಲ. ಬರುವವರೂ ಜಮಖಾನದ ಮೇಲೆ ಕುಳಿತು ಇದೇ ಗೋಡೆಗೆ ಒರಗಬೇಕು.

“ನಾಳೆ ಬಂದೋರಿಗೂ ಬಣ್ಣ ಬಳ್ದು ಕಳಿಸ್ಬೇಕೇನಯ್ಯಾ? ಈ ಸಂಬಂಧ ತಪ್ಪಿದ್ರೆ ಮಗಳಿಗೆ ಏನಂತ ಹೇಳ್ಲಿ?” ಎಂದರು.

ವಜ್ರವಿಲ್ಲದೆ ಬಣ್ಣ ಕಚ್ಚಿಕೊಳ್ಳದೆಂದು ಗೊತ್ತಿದ್ದೂ ಹೇಳದೆ ಹೊಡೆದೆನೆಂದು ಗೌರಮ್ಮನವರ ಮುಂದೆ ಒಪ್ಪಿಕೊಂಡೆ.

“ಅವತ್ತೇ ಬಾಯ್ಬಿಟ್ಟು ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು? ಹೊಲದ ಬದೀಲಿ ಸಾಲಾಗಿ ಜಾಲಿ ಮರ ಅವೆ. ಅದರ ಅಂಟು ಆಗಲ್ವಾ?”

ಧಾರಾಳವಾಗಿ ಆಗುತ್ತಿತ್ತು. ಮೇಸ್ತ್ರಿಯಾದ ನನಗೆ ಅದು ಹೊಳೆದಿರಲಿಲ್ಲ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಎರಡು ಸೇರಿನಷ್ಟು ಅಂಟು ಕಿತ್ತು ತಂದರು. ನಾನು ಗೋಡೆಯ ಸಡಿಲ ಪುಡಿಯನ್ನು ಗುಡಿಸಿ, ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಬಣ್ಣಕ್ಕೆ ಬೆರೆಸಿದೆ. ಸಂಜೆಯೊಳಗೆ ಇನ್ನೊಂದು ಕೈ ಬಣ್ಣ ಹೊಡೆದು ಮುಗಿಯಿತು.

ಮರುದಿನ ಗಂಡಿನ ತಂದೆ ಬಂದವರೇ ಕರಿಕೋಟಿನಲ್ಲೇ ಗೋಡೆಗೆ ಆರಾಮಾಗಿ ಒರಗಿದರು. ಉಪ್ಪಿಟ್ಟು, ಕಾಫಿ, ಮಾತು ಮುಗಿಯಲು ಒಂದು ಗಂಟೆ. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ನಾನು ಬಾಗಿಲ ಮರೆಯಿಂದ ಅವರ ಬೆನ್ನನ್ನೇ ನೋಡುತ್ತಿದ್ದೆ. ಕೊನೆಗೆ ಅವರು ಎದ್ದರು. ಕೋಟಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಗೌರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಒಂದು ಮನೆಯ ಕೆಲಸ ಹಿಡಿದವನು ತನ್ನ ಕಷ್ಟವನ್ನು ಮನೆಯವರಿಗೆ ಮೊದಲೇ ಹೇಳಬೇಕು. ಸುಮ್ಮನೆ ತಲೆಯಾಡಿಸುವುದು ಮರ್ಯಾದೆಯಲ್ಲ. ಮುಂದಿನ ಮೂವತ್ತು ವರ್ಷ ನಾನು ಹಾಗೇ ನಡೆದೆ.

ಆ ದಿನ ಗಂಡಿನ ತಂದೆ ಹೊರಡುವ ಮುಂಚೆ ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿ, ಕೈ ನೋಡಿಕೊಂಡು, ಸಿದ್ದಲಿಂಗಪ್ಪನವರಿಗೆ ಹೇಳಿದರು: “ಈ ಮೇಸ್ತ್ರೀನ ಮದುವೆಗೆ ಮುಂಚೆ ನಮ್ಮನೆಗೂ ಕಳಿಸ್ಕೊಡಿ ಬೀಗರೇ.”