ಒಂದು ಅಂಜಲ್ ಮೀನಿನ ತನಿಖೆ

ಸರ್ಕಾರಿ ಕಚೇರಿಗಳಲ್ಲಿ ಲಂಚಕೋರರನ್ನು ಹಿಡಿಯುವವರು ಕೆಲವರಿದ್ದಾರೆ. ಲಂಚ ಹುಟ್ಟುವ ಜಾಗವನ್ನೇ ಹುಡುಕಿ ಮುಚ್ಚುವವರು ತೀರ ವಿರಳ. ನಮ್ಮ ಪಂಚಾಯತ್ ಇಲಾಖೆಯ ವಿಚಕ್ಷಣಾಧಿಕಾರಿಯಾಗಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹದಿನೆಂಟು ವರ್ಷ ಓಡಾಡಿ, ಈಚೆಗೆ ನಿವೃತ್ತರಾದ ಶ್ರೀಮತಿ ಉಮಾವತಿಯವರು ಆ ವಿರಳರಲ್ಲೊಬ್ಬರು. ಅವರನ್ನು ಹೊಗಳಲು ನನಗಿಂತ ಯೋಗ್ಯರು ಬೇಕಾದಷ್ಟಿದ್ದಾರೆ. ಆದರೆ ಅವರ ಈ ಅಭಿನಂದನಾ ಸಂಪುಟಕ್ಕೆ ಬರೆಯುತ್ತಿರುವವರಲ್ಲಿ ಅವರ ಕೈಗೆ ಸಿಕ್ಕಿಬಿದ್ದವನು ನಾನೊಬ್ಬನೇ ಇರಬೇಕು.

ಹೆಮ್ಮಾಡಿಯಲ್ಲಿ ಮೀನು ಮಾರಿ ಓದಿಸಿದ ತಾಯಿಯ ಮಗಳು ಅವರು. ತಪಾಸಣೆಗೆ ಖಾಸಗಿ ಬಸ್ಸಿನಲ್ಲಿ, ಹೇಳದೆ ಕೇಳದೆ ಬರುವರು. ಬಂದವರು ಸಾಹೇಬರ ಕೋಣೆಗೆ ಹೋಗದೆ, ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದವರ ಜೊತೆ ಕುಳಿತು ಮಾತಿಗಿಳಿಯುವರು. ಒಳಗೆ ನಾವು ಗಡಿಬಿಡಿಯಲ್ಲಿ ಹಳೆಯ ಕಡತಗಳ ಧೂಳು ಕೊಡವುತ್ತಿದ್ದೆವು!

೨೦೧೪ರಲ್ಲಿ ಒಂದು ದಿನ ಹಾಗೆ ಅವರ ಪಕ್ಕ ಕುಳಿತಿದ್ದವರು ಮೀನುಗಾರ ಭೋಜಣ್ಣ. ಅವರ ಹೊಸ ಮನೆಗೆ ನಂಬ್ರ ಕೊಡುವ ಕಡತ ಗುಮಾಸ್ತನಾದ ನನ್ನ ಮೇಜಿನಲ್ಲಿ ಎರಡು ತಿಂಗಳಿಂದ ಬಿದ್ದಿತ್ತು. ನಂಬ್ರವಿಲ್ಲದೆ ಕರೆಂಟ್ ಇಲ್ಲ. ಹಿಂದಿನ ವಾರ ಅವರು ತಂದುಕೊಟ್ಟ ದುಬಾರಿ ಅಂಜಲ್ ಮೀನನ್ನು ನಾನು ಸಂಕೋಚವಿಲ್ಲದೆ ಮನೆಗೊಯ್ದಿದ್ದೆ. ಮೀನು ಕೊಡುವುದು ನಮ್ಮ ಕಡೆ ಪ್ರೀತಿ, ಅದನ್ನು ಯಾರು ಲಂಚ ಅನ್ನುತ್ತಾರೆ ಎಂಬ ಧೈರ್ಯ.

ಮಾತಿನ ನಡುವೆ ಭೋಜಣ್ಣ ಮೀನಿನ ವಿಷಯ ಬಾಯಿಬಿಟ್ಟರು. “ಪ್ರೀತಿಂದ ಕೊಟ್ಟದ್ದೇ ಮೇಡಂ,” ಎಂದರು.

“ಹೌದಾ? ನಂಬ್ರ ಸಿಕ್ಕಿದ್ ಮೇಲೂ ಹೀಂಗೇ ತಂದ್ ಕೊಡ್ತ್ರಿಯಾ?”

“ಮತ್ತೆಂತಕ್ಕೆ ಮೇಡಂ!” ಎಂದುಬಿಟ್ಟರು ಭೋಜಣ್ಣ. ಕಿಟಕಿಯ ಒಳಗಿಂದ ಅದನ್ನು ಕೇಳಿಸಿಕೊಂಡ ನಾನು ರಾಶಿಯ ಅಡಿಯಿಂದ ಅವರ ಕಡತವನ್ನು ಎಳೆದು ಬಿಚ್ಚಿದೆ.

ಅಂದೇ ಭೋಜಣ್ಣನಿಗೆ ನಂಬ್ರ ಸಿಕ್ಕಿತು. ನಾನು ಎಷ್ಟು ಗೋಗರೆದರೂ ಮೇಡಂ ನನ್ನ ಮೇಲೆ ವರದಿ ಬರೆಯದೆ ಬಿಡಲಿಲ್ಲ. ಅಷ್ಟರಲ್ಲಿ ನಮ್ಮ ಮೇಲಧಿಕಾರಿಯೊಬ್ಬರು, ಹಿಂದೆಂದೋ ಕಾಣೆಯಾಗಿದ್ದ ಮೂರು ಕಡತಗಳನ್ನೂ ನನ್ನ ತಲೆಗೇ ಕಟ್ಟಲು ಹೊರಟರು. ಹಾಗಾಗಿದ್ದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ. ಉಮಾವತಿಯವರು ಎಲ್ಲರೆದುರೇ ಹೇಳಿದರು: “ಇವ್ರ್ ತಿಂದದ್ ಒಂದ್ ಮೀನ್. ನಾ ಅಷ್ಟೇ ಬರ್ದದ್. ಆ ಕಡತಕ್ಕೆ ಬೇರೆ ತನಿಖೆ ಮಾಡ್ವ.” ಮಾಡಿಯೂ ಬಿಟ್ಟರು, ಅದರಲ್ಲಿ ಸಿಕ್ಕಿಬಿದ್ದವರು ಆ ಮೇಲಧಿಕಾರಿಯೇ! ನನಗೆ ಒಂದು ವರ್ಷದ ವೇತನ ಬಡ್ತಿ ತಪ್ಪಿತು. ತಕ್ಕ ಶಿಕ್ಷೆಯೇ. ಆದೇಶ ಓದಿ ನಾನು ಅತ್ತದ್ದು ದುಃಖದಿಂದಲ್ಲ, ನಾನು ಮಾಡಿದ್ದಕ್ಕಿಂತ ಒಂದಕ್ಷರವೂ ಹೆಚ್ಚು ಅದರಲ್ಲಿರಲಿಲ್ಲವೆಂದು.

ಮರುವರ್ಷ ಅವರು ಪ್ರತಿ ಕಚೇರಿಯಲ್ಲೂ ಒಂದು ಪುಸ್ತಕ ಇಡಿಸಿದರು. ಕಡತ ತಡವಾದರೆ ತಡಮಾಡಿದವರೇ ಅದರಲ್ಲಿ ಕಾರಣ ಬರೆಯಬೇಕು. ‘ಪರಿಶೀಲನೆಯಲ್ಲಿದೆ’ ಎಂದು ಬರೆದರೆ, “ಎಂತ ಪರಿಶೀಲನೆ ಮಾರಾಯ್ರೆ, ಅದನ್ನ್ ಬರೀನಿ ಕಾಂಬ,” ಎನ್ನುವರು. ಬರೆಯಲು ನಾಚಿಕೆಯಾಗಿಯೇ ಎಷ್ಟೋ ಕಡತಗಳು ಓಡತೊಡಗಿದವು.

ನಿವೃತ್ತರಾದ ಮೇಲಾದರೂ ವಿಶ್ರಾಂತಿ ಪಡೆಯುವರೆಂದು ಎಣಿಸಿದ್ದು ನಮ್ಮ ತಪ್ಪು. ಈಗ ಸಾಲಿಗ್ರಾಮದ ಮನೆಯಲ್ಲಿ ಕುಳಿತು, ಬಂದವರಿಗೆಲ್ಲ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುತ್ತಾರೆ. ಮೊನ್ನೆ ಅವರ ಅಕ್ಷರದಲ್ಲೇ ಒಂದು ಅರ್ಜಿ ನಮ್ಮ ಕಚೇರಿಗೂ ಬಂತು: ನನ್ನ ವಿಭಾಗದಲ್ಲಿ ತಿಂಗಳು ಮೀರಿದ ಕಡತಗಳೆಷ್ಟು? ‘ಒಂದೂ ಇಲ್ಲ’ ಎಂದು ಉತ್ತರ ಬರೆದೆ. ಸಹಿ ಹಾಕುವ ಮುಂಚೆ ಎದ್ದುಹೋಗಿ ಕಪಾಟನ್ನು ಇನ್ನೊಮ್ಮೆ ತೆರೆದು ನೋಡಿದೆ. ನಿಜಕ್ಕೂ ಒಂದೂ ಇರಲಿಲ್ಲ. ಆ ಸಂತೋಷದಲ್ಲೇ ದೇವರನ್ನು ಕೇಳಿಕೊಳ್ಳುತ್ತೇನೆ: ಉಮಾವತಿ ಮೇಡಂ ನೂರು ವರ್ಷ ಬಾಳಲಿ, ನಮಗೆ ಅರ್ಜಿ ಹಾಕಿಸುತ್ತಲೇ ಇರಲಿ.